ತಟ್ಟೆ ಬಿಟ್ಟ ಬೆಕ್ಕು, ಇಕ್ಕಟ್ಟಾದ ಮನೆ



ಕೆಂಚನಗುಡ್ಡದಂಥ ತುಂಗಭದ್ರೆಯ ದಂಡೆಯ ಭತ್ತದೂರುಗಳಲ್ಲಿ ಬೆಕ್ಕು ಕಾಳು ಕಾಯುವ ಪ್ರಾಣಿ. ಇಲಿ ಹಿಡಿಯುತ್ತದೆ, ಹಿತ್ತಲಿಗೆ ಹೋಗಿ ಮಣ್ಣು ಕೆದರಿ ಮುಚ್ಚಿ ಬರುತ್ತದೆ. ಅದರ ಮೂತ್ರ ಅಲ್ಲಿ ಯಾರಿಗೂ ಸಮಸ್ಯೆಯಲ್ಲ. ನಗರದ ಟೈಲ್ಸ್ ನೆಲದ ಮನೆಯೊಳಗೆ ಮೂರು ನಾಲ್ಕು ಬೆಕ್ಕುಗಳನ್ನು ಕೂಡಿಹಾಕಿ, ಬಚ್ಚಲ ಮೂಲೆಯಲ್ಲಿ ಒಂದೇ ಮರಳಿನ ತಟ್ಟೆ ಇಟ್ಟಾಗ ತೊಂದರೆ ಶುರುವಾಗುತ್ತದೆ. ಹಾಸಿಗೆಯ ಮೇಲೆ ಒದ್ದೆ ಮಾಡಿದ ಬೆಕ್ಕಿಗೆ ‘ಹಗೆ ಸಾಧಿಸುತ್ತದೆ’ ಎಂಬ ಹೆಸರು ಬರುತ್ತದೆ. ಇದು ಹಗೆಯಲ್ಲ, ಒತ್ತಡವು ದೇಹದಲ್ಲಿ ತೋರುವ ಬಗೆ; ಆದ್ದರಿಂದ ಪಶುವೈದ್ಯರಾದ ನಮ್ಮ ಪರೀಕ್ಷೆ ಬೆಕ್ಕಿನ ಹೊಟ್ಟೆ ಮುಟ್ಟಿ ನೋಡುವಲ್ಲಿಗೆ ಮುಗಿಯದೆ ಅದರ ಮನೆಯವರೆಗೂ ಹೋಗಬೇಕು ಎಂಬುದು ನನ್ನ ವಾದ.

ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಟೋನಿ ಬಫಿಂಗ್ಟನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಗಮನಿಸಿ. ದಿನಚರಿ ಏರುಪೇರಾದಾಗ ಮೂತ್ರಕೋಶದ ಕಾಯಿಲೆಯಿದ್ದ ಬೆಕ್ಕುಗಳಷ್ಟೇ ಅಲ್ಲ, ಆರೋಗ್ಯವಂತ ಬೆಕ್ಕುಗಳೂ ಊಟ ಕಡಿಮೆ ಮಾಡಿದವು, ತಟ್ಟೆಯ ಹೊರಗೆ ವಿಸರ್ಜಿಸಿದವು. ಹಲವು ಬೆಕ್ಕುಗಳ ಮನೆಯಲ್ಲಿ ಈ ಏರುಪೇರು ನಿತ್ಯದ್ದು, ಆದರೆ ಸದ್ದಿಲ್ಲದ್ದು. ಒಂದು ಬೆಕ್ಕು ಬಚ್ಚಲ ಬಾಗಿಲಿಗೆ ಅಡ್ಡಲಾಗಿ ಆರಾಮವಾಗಿ ಮಲಗಿರುತ್ತದೆ. ಇನ್ನೊಂದು ನಾಲ್ಕು ಹೆಜ್ಜೆ ಬಂದು, ಅದರ ದಿಟ್ಟಿ ತಾಗಿದೊಡನೆ ಕಿವಿ ಹಿಂದಕ್ಕೆ ಒರಗಿಸಿ ಮಂಚದಡಿಗೆ ತಿರುಗುತ್ತದೆ. ಕಚ್ಚಾಟವಿಲ್ಲ, ಕೂಗಿಲ್ಲ. ‘ಚೆನ್ನಾಗಿಯೇ ಇವೆಯಲ್ಲ’ ಎನ್ನುತ್ತಾರೆ ಮನೆಯವರು.

ಊರಿನ ಗೋದಾಮುಗಳಲ್ಲಿ ಬೆಕ್ಕುಗಳು ಗುಂಪಾಗಿಯೇ ಬಾಳುತ್ತವಲ್ಲ ಎಂದು ಕೇಳಬಹುದು. ಬಾಳುತ್ತವೆ, ಏಕೆಂದರೆ ಅಲ್ಲಿ ಬೇಡದವರಿಂದ ದೂರ ಸರಿಯಲು ದಾರಿಯಿದೆ. ಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಸಹವಾಸವನ್ನು ಅದೇ ಆರಿಸಿಕೊಳ್ಳಬೇಕು. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದು: ಎಲ್ಲವನ್ನೂ ಒತ್ತಡದ ತಲೆಗೆ ಕಟ್ಟಿದರೆ ಕಲ್ಲು, ಸೋಂಕು, ಮಧುಮೇಹ ತಪ್ಪಿಹೋಗುವುದಿಲ್ಲವೇ? ಖಂಡಿತ ಹೋಗಬಹುದು. ಮೂತ್ರ ಪರೀಕ್ಷೆಯೇ ಮೊದಲು; ಗಂಡುಬೆಕ್ಕು ಪದೇ ಪದೇ ಕುಳಿತರೂ ಹನಿ ಬಾರದಿದ್ದರೆ ಅದು ಜೀವಕ್ಕೆ ಅಪಾಯ, ಒಂದು ಗಂಟೆಯೂ ಕಾಯುವಂತಿಲ್ಲ. ನಿಂತುಕೊಂಡು ಬಾಲ ನಡುಗಿಸಿ ಗೋಡೆಗೆ ಸಿಡಿಸುವುದು ಬೇರೆಯೇ ನಡವಳಿಕೆ, ಅದಕ್ಕೆ ಸಂತಾನಹರಣ ಬಹುಪಾಲು ಪರಿಹಾರ. ಇವೆಲ್ಲ ಕಳೆದ ಮೇಲೂ, ಯೌವನ ಮತ್ತು ನಡುವಯಸ್ಸಿನ ಬೆಕ್ಕುಗಳ ಮೂತ್ರದ ತೊಂದರೆಗಳಲ್ಲಿ ಅರ್ಧಕ್ಕೂ ಹೆಚ್ಚು ಕಾರಣ ಸಿಗದ ಉರಿಯೂತವಾಗಿಯೇ ಉಳಿಯುತ್ತವೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಫಿಂಗ್ಟನ್ ಮತ್ತು ಸಂಗಡಿಗರು ಇಂಥ 46 ಬೆಕ್ಕುಗಳ ಮನೆ ಪರಿಸರ ತಿದ್ದಿಸಿದಾಗ ಲಕ್ಷಣಗಳು ಗಣನೀಯವಾಗಿ ಇಳಿದವು. ಹೋಲಿಕೆಯ ಗುಂಪಿರಲಿಲ್ಲ ಎಂಬ ಕೊರತೆ ನಿಜ, ಅದರಲ್ಲೂ ಈ ಕಾಯಿಲೆ ತಾನಾಗಿಯೇ ಏರಿಳಿಯುವಂಥದ್ದು. ಆದರೂ ತಿಂಗಳುಗಟ್ಟಲೆ ಉಳಿದ ಸುಧಾರಣೆಯನ್ನು ಬರೀ ಆಕಸ್ಮಿಕ ಎನ್ನಲು ನನಗೆ ಮನಸ್ಸೊಪ್ಪದು.

ಖರ್ಚಿನ ಮಾತೂ ಬರುತ್ತದೆ. ಬೆಕ್ಕುಗಳ ಸಂಖ್ಯೆಗಿಂತ ಒಂದು ತಟ್ಟೆ ಹೆಚ್ಚಿರಲಿ ಎಂಬ ಸಲಹೆ ಎರಡು ಕೋಣೆಯ ಮನೆಗೆ ದುಬಾರಿ ಎನಿಸುತ್ತದೆ. ತಗ್ಗು ಅಂಚಿನ ಪ್ಲಾಸ್ಟಿಕ್ ಬೋಗುಣಿ, ಜರಡಿ ಹಿಡಿದ ಮರಳು ಸಾಕು. ಮುಖ್ಯವಾದದ್ದು ಅವುಗಳ ಜಾಗ: ಪಕ್ಕಪಕ್ಕ ಇಟ್ಟ ಮೂರು ತಟ್ಟೆಗಳು ಬೆಕ್ಕಿನ ಪಾಲಿಗೆ ಒಂದೇ, ಏಕೆಂದರೆ ಒಂದು ಬೆಕ್ಕು ಮೂರನ್ನೂ ಕಾಯಬಲ್ಲದು. ಬೇಸತ್ತು ಬೆಕ್ಕನ್ನು ಚೀಲದಲ್ಲಿ ಕಟ್ಟಿ ಅಕ್ಕಿ ಗಿರಣಿಯ ಬಳಿ ಬಿಟ್ಟುಬರುವುದು ಪರಿಹಾರವಲ್ಲ, ಕ್ರೌರ್ಯ. ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ: ಇಂಥ ಬೆಕ್ಕು ನಿಮ್ಮ ಮೇಜಿಗೆ ಬಂದಾಗ ಮೂತ್ರದ ಮಾದರಿಯ ಜೊತೆಗೆ ಮನೆಯ ನಕ್ಷೆಯನ್ನೂ ಕೇಳಿ, ತಟ್ಟೆ, ನೀರು, ಬಾಗಿಲು ಎಲ್ಲೆಲ್ಲಿವೆ ಎಂದು ಮನೆಯವರ ಕೈಯಿಂದಲೇ ಬರೆಸಿ.