ಶುಲ್ಕವಿಲ್ಲದ ಖಾತೆ: ಕೇಳಿ ಪಡೆಯಿರಿ



ರಸಪ್ರಶ್ನೆ ಕಾರ್ಯಕ್ರಮಕ್ಕೆಂದು ನಮ್ಮ ಸ್ಟುಡಿಯೋಗೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ತನ್ನ ಪಾಸ್‌ಬುಕ್ಕನ್ನು ನನ್ನ ಮುಂದಿಟ್ಟಳು. “ಸಾರ್, ವಿದ್ಯಾರ್ಥಿವೇತನ ಬಂದದ್ದು ಒಂದೇ ಸಲ, ಕಡಿತವಾದದ್ದು ನಾಲ್ಕು ಸಲ. ಯಾಕೆ?” ಎಂದಳು. ಕನಿಷ್ಠ ಶಿಲ್ಕು ಉಳಿಸದಿದ್ದುದಕ್ಕೆ ಬ್ಯಾಂಕು ಹಾಕಿದ ಶುಲ್ಕ ಅದು. ತೂತು ಬಿಂದಿಗೆಯಲ್ಲಿ ನೀರು ತುಂಬಿಟ್ಟಂತಾಗಿತ್ತು ಅವಳ ಖಾತೆ.

ಈ ಸೋರಿಕೆಯನ್ನು ತಡೆಯುವ ದಾರಿಯಿದೆ. ಕಡಿಮೆ ಶಿಲ್ಕಿನ ಸರಳ ಖಾತೆಗಳನ್ನು ತೆರೆಯುವಂತೆ ರಿಸರ್ವ್ ಬ್ಯಾಂಕು 2005ರಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. 2012ರಲ್ಲಿ ಇದು ‘ಮೂಲ ಉಳಿತಾಯ ಖಾತೆ’ಯಾಗಿ ಎಲ್ಲರಿಗೂ ದೊರೆಯುವಂತಾಯಿತು. ಇದಕ್ಕೆ ಕನಿಷ್ಠ ಶಿಲ್ಕು ಬೇಕಿಲ್ಲ. ಹಣ ಕಟ್ಟುವುದಕ್ಕಾಗಲಿ, ಎಟಿಎಂ ಕಾರ್ಡಿಗಾಗಲಿ ಶುಲ್ಕವಿಲ್ಲ. ತಿಂಗಳಿಗೆ ಕನಿಷ್ಠ 4 ಸಲ ಉಚಿತವಾಗಿ ಹಣ ತೆಗೆಯಬಹುದು. 2014ರಲ್ಲಿ ಆರಂಭವಾದ ಜನಧನ ಖಾತೆಯೂ ಇದೇ ಬಗೆಯದು.

ಎರಡು ಮಾತು ನೆನಪಿಡಿ. ಮೂಲ ಖಾತೆಯಿರುವ ಬ್ಯಾಂಕಿನಲ್ಲೇ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ. ಉಚಿತ ಮಿತಿ ದಾಟಿದ ಮೇಲೆ ಹಣ ತೆಗೆದರೆ ಶುಲ್ಕ ಬೀಳಬಹುದು, ಮೊದಲೇ ವಿಚಾರಿಸಿಕೊಳ್ಳಿ.

ಕೆಲವು ಬ್ಯಾಂಕುಗಳು ಸಾಮಾನ್ಯ ಖಾತೆಗಳಿಗೂ ಈ ದಂಡವನ್ನು ಕೈಬಿಟ್ಟಿವೆ. ಸ್ಟೇಟ್ ಬ್ಯಾಂಕು 2020ರಲ್ಲಿ, ನಮ್ಮ ಕೆನರಾ ಬ್ಯಾಂಕು 2025ರ ಜೂನ್‌ನಲ್ಲಿ ಹಾಗೆ ಮಾಡಿದವು. ಆದರೂ ಕಾರ್ಡು, ಎಸ್ಸೆಮ್ಮೆಸ್ಸುಗಳ ಶುಲ್ಕ ಬೇರೆ ಇರಬಹುದು. ಖಾತೆ ತೆರೆಯುವ ಮುನ್ನ ಶುಲ್ಕಪಟ್ಟಿ ಕೇಳಿ ಓದಿ.

ಕೌಂಟರಿನಲ್ಲಿ ಸಂಕೋಚ ಬೇಡ. “ಬಿ.ಎಸ್.ಬಿ.ಡಿ. ಖಾತೆ ಬೇಕು” ಎನ್ನಿ. ಇರುವ ಖಾತೆಯನ್ನೇ ಹೀಗೆ ಬದಲಿಸಿಕೊಳ್ಳಲೂ ಬರುತ್ತದೆ. ಆ ವಿದ್ಯಾರ್ಥಿನಿ ಅರ್ಜಿ ಕೊಟ್ಟು ಬದಲಿಸಿಕೊಂಡಳು. ಹೋದ ಹಣ ಮರಳಲಿಲ್ಲ. ಮುಂದಿನ ಕಂತು ಪೂರ್ತಿ ಉಳಿಯಿತು.

ಇಂದೇ ನಿಮ್ಮ ಪಾಸ್‌ಬುಕ್ ತೆರೆದು ನೋಡಿ.