ಕಂಪ್ಯೂಟರ್ ರಿಪೇರಿ: ಕಡತ ಕಳೆಯದ ಬಗೆ



ನಾನು ಮೆಟ್ರಿಕ್ ಓದಿದ ಗಿರಣಿ ಕಾರಕೂನ, ಪಂಡಿತನಲ್ಲ. ಕೈ ಸುಟ್ಟುಕೊಂಡು ಕಲಿತದ್ದನ್ನಷ್ಟೇ ಹೇಳುತ್ತೇನೆ. ನಮ್ಮ ಮನೆಯ ವಿಂಡೋಸ್ ಕಂಪ್ಯೂಟರ್ ಕೆಟ್ಟಾಗ ರಿಪೇರಿಯವರೊಬ್ಬರು ಸಂಜೆಯೊಳಗೆ ಸರಿಮಾಡಿಕೊಟ್ಟರು. ಮನೆಗೆ ತಂದು ನೋಡಿದರೆ ತಾಯಿಯವರ ಫೋಟೋಗಳೇ ಇಲ್ಲ! ಡಿಸ್ಕನ್ನು ಫಾರ್ಮ್ಯಾಟ್ ಮಾಡಿಬಿಟ್ಟಿದ್ದರು. ತಾಯಿಯವರು ಈಗಿಲ್ಲ. ಆ ಫೋಟೋಗಳನ್ನು ಎಲ್ಲಿಂದ ತರಲಿ?

ಸೂರು ಸೋರಿದರೆ ಹೆಂಚು ಬದಲಿಸುತ್ತೇವೆ. ಪೆಟ್ಟಿಗೆ ಪಾತ್ರೆಗಳನ್ನು ಬೀದಿಗೆಸೆಯುತ್ತೇವೆಯೇ? ವಿಂಡೋಸ್ ಬೇರೆ, ನಮ್ಮ ಕಡತ ಬೇರೆ.

ಯಂತ್ರ ತಡವರಿಸುತ್ತಲಾದರೂ ತೆರೆಯುತ್ತಿದ್ದರೆ, ಮೊದಲು ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಅನಂತರ ಮೈಕ್ರೋಸಾಫ್ಟಿನವರ ತಾಣದಿಂದ, ಯಂತ್ರದಲ್ಲಿದ್ದ ಭಾಷೆಯ ವಿಂಡೋಸನ್ನೇ, ಕನಿಷ್ಠ 8 ಜಿಬಿಯ ಮತ್ತೊಂದು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಅದರಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ. ಅದಕ್ಕೇ ಮತ್ತೊಂದು ಎಂದೆ.

ಇನ್ನು ಮುಖ್ಯ ಮಾತು. ಈ ಪೆನ್‌ಡ್ರೈವಿನಿಂದ ಯಂತ್ರವನ್ನು ಚಾಲೂ ಮಾಡಬೇಡಿ. ಹಾಗೆ ಮಾಡಿದರೆ ಇದ್ದದ್ದನ್ನು ಉಳಿಸಿಕೊಳ್ಳುವ ದಾರಿ ಸಿಗದು. ಎಂದಿನಂತೆ ವಿಂಡೋಸ್ ತೆರೆದು, ಅದರೊಳಗಿನಿಂದಲೇ ‘ಸೆಟಪ್’ ನಡೆಸಿ. ‘ಕೀಪ್ ಪರ್ಸನಲ್ ಫೈಲ್ಸ್ ಅಂಡ್ ಆಪ್ಸ್’ ಎಂಬಲ್ಲಿ ಗುರುತಿದೆಯೇ ನೋಡಿ, ಆಮೇಲೆ ಮುಂದುವರಿಯಿರಿ. ಕಡತವೂ ಉಳಿಯುತ್ತದೆ, ನುಡಿಯಂಥ ಕನ್ನಡ ತಂತ್ರಾಂಶವೂ ಉಳಿಯುತ್ತದೆ.

ಯಂತ್ರ ತೆರೆಯದೇ ಹೋದರೆ, ತಾನಾಗಿ ಬರುವ ದುರಸ್ತಿ ಪರದೆಯಲ್ಲಿ ‘ಟ್ರಬಲ್‌ಶೂಟ್’, ‘ರೀಸೆಟ್ ದಿಸ್ ಪಿಸಿ’, ‘ಕೀಪ್ ಮೈ ಫೈಲ್ಸ್’ ಎಂದು ಹೋಗಿ. ಹಾಕಿಸಿಕೊಂಡ ತಂತ್ರಾಂಶಗಳು ಹೋಗುತ್ತವೆ, ಕಡತ ಇರುತ್ತದೆ. ಪಕ್ಕದ ‘ರಿಮೂವ್ ಎವ್ರಿಥಿಂಗ್’ ಒತ್ತಿದಿರೋ, ನನಗಾದ ಗತಿಯೇ.

ಅಂಗಡಿಗೇ ಕೊಡುವುದಾದರೆ ‘ಫಾರ್ಮ್ಯಾಟ್ ಮಾಡಕೂಡದು’ ಎಂದು ರಸೀದಿಯ ಮೇಲೆ ಬರೆಯಿಸಿ. ಧೈರ್ಯ ಸಾಲದವರು ರವಿವಾರ ವಾಚನಾಲಯಕ್ಕೆ ಬನ್ನಿ, ಕೂತು ಮಾಡೋಣ. ಪೆನ್‌ಡ್ರೈವ್ ಮಾತ್ರ ಎರಡು ತನ್ನಿ.