ಯಂತ್ರ ಬರೆದ ನಮ್ಮ ಶಾಲೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ 'ಕೃತಕ ಬುದ್ಧಿಮತ್ತೆ ಮತ್ತು ಗ್ರಾಮೀಣ ಮಕ್ಕಳ ಭವಿಷ್ಯ'. ಭವಿಷ್ಯ ಹೇಳುವುದು ಜೋಯಿಸರ ಕೆಲಸ, ನನ್ನದಲ್ಲ. 2004ರಲ್ಲಿ ಇಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಸಿ, ಬಿ.ಇ. ಮಾಡಿ, ಈಗ ಬೆಂಗಳೂರಿನಲ್ಲಿ ಯಂತ್ರಗಳಿಗೆ ಚಿತ್ರ ಗುರುತಿಸುವುದನ್ನು ಕಲಿಸುವ ಕೆಲಸದಲ್ಲಿದ್ದೇನೆ. ಆದ್ದರಿಂದ ಯಂತ್ರದ ಜೊತೆ ಆಟ ಆಡುವುದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಈ ಆಟವನ್ನು ನನಗೆ ಕಲಿಸಿದವರು ಜಾನೆಲ್ ಶೇನ್ ಎಂಬ ಅಮೆರಿಕದ ವಿಜ್ಞಾನಿ. ಅವರನ್ನು ನಾನು ನೋಡಿಲ್ಲ, ಬರೆದದ್ದನ್ನು ಓದಿದ್ದೇನೆ ಅಷ್ಟೆ. ಅವರ ವೃತ್ತಿ ಕಂಪ್ಯೂಟರಿನದಲ್ಲ, ಬೆಳಕಿನದು. ನೀವು ಹತ್ತನೇ ತರಗತಿಯಲ್ಲಿ ಪ್ರತಿಫಲನ, ವಕ್ರೀಭವನ ಎಂದು ಓದುತ್ತೀರಲ್ಲ, ಅದೇ ಶಾಸ್ತ್ರದ ಮುಂದಿನ ಮೆಟ್ಟಿಲುಗಳಲ್ಲಿ ಅವರ ಸಂಶೋಧನೆ. ಎಐ ಅವರಿಗೆ ಹವ್ಯಾಸ. ನಮ್ಮಲ್ಲಿ ಮೇಷ್ಟ್ರುಗಳು ಸಂಜೆ ನಾಟಕದ ತಾಲೀಮಿಗೆ ಹೋಗುತ್ತಿದ್ದ ಹಾಗೆ ಅನ್ನಿ.

ಅವರು ಮಾಡಿದ್ದು ಬಹಳ ಸರಳ. 2017ರಲ್ಲಿ ಒಂದು ಪೇಂಟ್ ಕಂಪನಿಯ ಸುಮಾರು 7,700 ಬಣ್ಣಗಳ ಹೆಸರುಗಳನ್ನು ಒಂದು ಪುಟ್ಟ ಪ್ರೋಗ್ರಾಮಿಗೆ ಕೊಟ್ಟು, ಹೊಸ ಬಣ್ಣ ಮಾಡಿ ಹೆಸರಿಡು ಎಂದರು. ಒಂದು ಮಂಕು ಗುಲಾಬಿ ಬಣ್ಣಕ್ಕೆ ಅದು ಇಟ್ಟ ಹೆಸರನ್ನು ನಮ್ಮ ಮಾತಿಗೆ ತಂದರೆ 'ನಾತದ ಅವರೆ' ಅಂತ ಆಗುತ್ತದೆ. ಕಂದು ಬಣ್ಣವೊಂದಕ್ಕೆ ಇಟ್ಟ ಹೆಸರನ್ನು ಈ ವೇದಿಕೆಯ ಮೇಲೆ ಹೇಳುವ ಹಾಗಿಲ್ಲ. ಆಮೇಲೆ ಟೆಕ್ಸಾಸಿನ ಆಸ್ಟಿನ್ ಊರಿನ ಕೀಲಿಂಗ್ ಶಾಲೆಯ ಮಕ್ಕಳು, ನಿಮಗಿಂತ ಸ್ವಲ್ಪ ಚಿಕ್ಕವರು, 1,600 ಐಸ್‌ಕ್ರೀಮುಗಳ ಹೆಸರು ಕೂಡಿಹಾಕಿ ಅವರ ಜೊತೆ ಸೇರಿಕೊಂಡರು. ಯಂತ್ರ ಹೊಸ ಐಸ್‌ಕ್ರೀಮು ಕಂಡುಹಿಡಿಯಿತು. ಕಸದ ಕುಂಬಳಕಾಯಿ, ಸ್ಟ್ರಾಬೆರಿ ಕೆನೆಯ ರೋಗ. ಈ ಧಾಟಿಯವು.

ಮಕ್ಕಳು ಬಿದ್ದು ಬಿದ್ದು ನಕ್ಕಿರಬೇಕು. ನಗುವುದರ ಜೊತೆಗೆ ಅವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಯಂತ್ರಕ್ಕೆ ನಾಲಿಗೆ ಇಲ್ಲ. ಐಸ್‌ಕ್ರೀಮು ತಣ್ಣಗಿರುತ್ತದೆ, ಕಸ ತಿನ್ನುವುದಲ್ಲ ಎಂಬುದೊಂದೂ ಅದಕ್ಕೆ ಗೊತ್ತಿಲ್ಲ. ಯಾವ ಅಕ್ಷರದ ಮುಂದೆ ಯಾವ ಅಕ್ಷರ ಬರಬಹುದು ಎಂಬುದಷ್ಟೇ ಅದರ ಲೆಕ್ಕ.

ಶೇನ್ ಬರೆದ ಇನ್ನೊಂದು ಪ್ರಸಂಗ ನನ್ನ ಕೆಲಸಕ್ಕೆ ಹತ್ತಿರದ್ದು. ಚಿತ್ರ ನೋಡಿ ವಿವರಣೆ ಹೇಳುವ ಒಂದು ಯಂತ್ರಕ್ಕೆ ಅವರು ಬರೀ ಹಸಿರು ಗುಡ್ಡದ ಫೋಟೋ ಕೊಟ್ಟರು. ಅದು 'ಕುರಿಗಳು' ಎಂದಿತು. ಕುರಿಮರಿಯನ್ನು ಮಗು ಎತ್ತಿಕೊಂಡಿರುವ ಫೋಟೋ ಕೊಟ್ಟರೆ 'ನಾಯಿ' ಎಂದಿತು. ಮರ ಹತ್ತಿದ ಮೇಕೆಗಳನ್ನು ಪಕ್ಷಿ ಮಾಡಿತು. ಅದು ಕಲಿತ ಫೋಟೋಗಳಲ್ಲಿ ಕುರಿ ಇದ್ದಲ್ಲೆಲ್ಲ ಹುಲ್ಲಿತ್ತು. ಹೀಗಾಗಿ ಹುಲ್ಲನ್ನೇ ಕುರಿ ಎಂದು ತಿಳಿದುಕೊಂಡಿತ್ತು.

ಇದೇ ಕಾರಣಕ್ಕೆ 2015ರಲ್ಲಿ ಗೂಗಲ್‌ನ ಅಲೆಕ್ಸಾಂಡರ್ ಮೊರ್ಡ್ವಿಂಟ್ಸೆವ್ ಎಂಬ ಎಂಜಿನಿಯರ್ ಮಾಡಿದ 'ಡೀಪ್‌ಡ್ರೀಮ್' ಚಿತ್ರಗಳಲ್ಲಿ ಮೋಡ, ಮರ, ಊಟದ ತಟ್ಟೆ ಎಲ್ಲದರಲ್ಲೂ ನಾಯಿಯ ಮುಖ ಎದ್ದು ಬರುತ್ತಿತ್ತು. ಯಂತ್ರ ಕಲಿತ ಫೋಟೋಗಳ ಸಾವಿರ ವರ್ಗಗಳಲ್ಲಿ ಸುಮಾರು 120 ಬರೀ ನಾಯಿ ತಳಿಗಳಾಗಿದ್ದವು. ಉಂಡಿದ್ದೇ ತೇಗುವುದು.

ಇದನ್ನೆಲ್ಲ ಓದಿ ನಕ್ಕ ನಾನೇ ಮುಂದೆ ಅದೇ ತಪ್ಪು ಮಾಡಿದೆ. ಸಂಸ್ಥೆಯ ಹೆಸರು ಬೇಡ. ಅಡಿಕೆಯ ಫೋಟೋ ನೋಡಿ ಇದು ರಾಶಿ, ಇದು ಗೊರಬಲು ಎಂದು ಬೇರೆ ಮಾಡುವ ಒಂದು ಪ್ರೋಗ್ರಾಮನ್ನು ನಮ್ಮ ತಂಡ ಮಾಡಿತ್ತು. ಅಡಿಕೆ ಸೀಮೆಯವನು ಎಂದು ನನ್ನನ್ನೇ ಮುಂದೆ ಬಿಟ್ಟಿದ್ದರು. ನಮ್ಮ ಕೋಣೆಯಲ್ಲಿ ಪರೀಕ್ಷೆ ಮಾಡಿದಾಗ ತಪ್ಪೇ ಸಿಗುತ್ತಿರಲಿಲ್ಲ. ಬಹಳ ಬೀಗಿದ್ದೆವು.

ಕೊನೆಗೆ ಒಂದು ದಿನ ಅಡಿಕೆ ಆರಿಸುವ ಜಾಗಕ್ಕೆ ತೆಗೆದುಕೊಂಡು ಹೋದೆವು. ಅಲ್ಲಿ ಮೂವತ್ತು ವರ್ಷದಿಂದ ಅಡಿಕೆ ಆರಿಸುತ್ತಿದ್ದ ಒಬ್ಬ ಅಜ್ಜಿ ಇದ್ದರು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಯಂತ್ರ ಒಳ್ಳೆಯದು ಎಂದು ಹೇಳಿದ್ದ ಅಡಿಕೆಯನ್ನೇ ಬೊಗಸೆಯಲ್ಲಿ ತೆಗೆದು ಪಕ್ಕದ ಗೋಣಿಚೀಲದ ಮೇಲೆ ಹರಡಿ, "ಈಗ ಕೇಳಪ್ಪ" ಅಂದರು. ಯಂತ್ರ ಗೊರಬಲು ಎಂದಿತು. ಅಲ್ಲಿದ್ದ ಹೆಂಗಸರೆಲ್ಲ ನಕ್ಕರು. "ಇದು ಅಡಿಕೆ ನೋಡ್ತಿಲ್ಲ ಕಣಪ್ಪ, ಚೀಲ ನೋಡ್ತೈತೆ" ಅಂದರು ಅಜ್ಜಿ.

ನಿಜ ಅದೇ ಆಗಿತ್ತು. ಒಳ್ಳೆಯ ಅಡಿಕೆಯ ಫೋಟೋಗಳನ್ನು ನಾವು ಹಗಲು ಬೆಳಕಿನಲ್ಲಿ ಬಿಳಿ ಹಾಳೆಯ ಮೇಲೆ ತೆಗೆಸಿದ್ದೆವು. ಗೊರಬಲಿನವು ಗೋದಾಮಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಗೋಣಿಚೀಲದ ಮೇಲೆ ತೆಗೆದವು. ಹೊಳೆದಿದ್ದರೆ ಒಂದೇ ನಿಮಿಷದ ಮಾತು, ನಮಗೆ ಹೊಳೆಯಲಿಲ್ಲ. ರೈತರು ಅಡಿಕೆ ತರುವುದು ಯಾವುದರಲ್ಲಿ ಹೇಳಿ? ಗೋಣಿಚೀಲದಲ್ಲೇ. ಅದನ್ನು ಹಾಗೆಯೇ ಬಿಟ್ಟಿದ್ದರೆ ಎಷ್ಟು ಜನರ ಮಾಲಿಗೆ ದರ ಕಡಿಮೆ ಬೀಳುತ್ತಿತ್ತೋ. ಕಂಪ್ಯೂಟರ್ ಹೇಳಿದ ಮೇಲೆ ಯಾರ ಹತ್ತಿರ ಹೋಗಿ ಜಗಳ ಆಡುತ್ತೀರಿ? ಎಲ್ಲ ಫೋಟೋಗಳನ್ನೂ ಮತ್ತೆ ಮೊದಲಿಂದ ತೆಗೆಸಿದೆವು. ಆ ಅಜ್ಜಿಗೆ ನಾವು ಕೊಟ್ಟಿದ್ದು ಒಂದು ಶಾಲು, ಒಂದು ಟಿಫಿನ್ ಕ್ಯಾರಿಯರ್. ಎಂಜಿನಿಯರಿಗೆ ಕೊಡುವ ಸಂಬಳದಲ್ಲಿ ಒಂದು ತಿಂಗಳದ್ದಾದರೂ ಅವರಿಗೆ ಸಲ್ಲಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅಂದಿನಿಂದ ಆಟ ನನಗೆ ಅಭ್ಯಾಸವಾಯಿತು. ರಾತ್ರಿ ಮಗಳು ಮಲಗಿದ ಮೇಲೆ ಚಿತ್ರ ಬರೆಯುವ ಯಂತ್ರದ ಮುಂದೆ ಕೂರುತ್ತೇನೆ. ರಾಗಿ ಮುದ್ದೆ ಬರೆ ಎಂದೆ, ಚಾಕೊಲೇಟ್ ಉಂಡೆ ಮಾಡಿ ಮೇಲೆ ಪುದೀನ ಎಲೆ ಇಟ್ಟಿತು. ಯಕ್ಷಗಾನದ ವೇಷ ಕೇಳಿದರೆ ಮುಖಕ್ಕೆ ಹಸಿರು ಬಳಿದು ಕಥಕ್ಕಳಿ ಮಾಡಿತು. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ಹೆಂಗಸರನ್ನು ಕೇಳಿದೆ, ಕೈಯಲ್ಲಿ ಮಚ್ಚು ಕೊಟ್ಟು ತೆಂಗಿನಕಾಯಿ ಒಡೆಸಿತು. ಅದು ಏನನ್ನು ನೋಡಿ ಬೆಳೆದಿದೆ, ಏನನ್ನು ನೋಡಿಯೇ ಇಲ್ಲ ಎಂಬುದು ಇಂಥ ಹತ್ತು ಚಿತ್ರ ಬರೆಸಿದರೆ ಗೊತ್ತಾಗುತ್ತದೆ.

ಈ ಸಮಾರಂಭದ ಆಹ್ವಾನ ಪತ್ರಿಕೆಗೆ ಒಂದು ಚಿತ್ರ ಬೇಕು ಎಂದು ಸಮಿತಿಯವರು ಫೋನ್ ಮಾಡಿದರು. ದುಡ್ಡು ಖರ್ಚಿಲ್ಲದೆ ಎಐನಲ್ಲಿ ಮಾಡಿಕೊಡು ಎಂದರು. ಕರ್ನಾಟಕದ ಹಳ್ಳಿಯ ಸರ್ಕಾರಿ ಪ್ರೌಢಶಾಲೆ, ಅಂಗಳದಲ್ಲಿ ಹೊಂಗೆ ಮರ, ಗೇಟಿನ ಮೇಲೆ ಕನ್ನಡದಲ್ಲಿ ಹೆಸರು ಎಂದು ಬರೆದು ಕೊಟ್ಟೆ. ಕಣ್ಣಿಗೆ ಹಬ್ಬದಂಥ ಚಿತ್ರ ಬಂತು. ಹೆಂಚಿನ ಮನೆ, ಚಿನ್ನದ ಬಿಸಿಲು, ಕೆಂಪು ರಿಬ್ಬನ್ನಿನ ಹುಡುಗಿಯರು. ಮುಖ್ಯೋಪಾಧ್ಯಾಯರು ನೋಡಿ, "ಬಹಳ ಚೆನ್ನಾಗಿದೆ. ಯಾವೂರ ಶಾಲೆ ಇದು?" ಎಂದರು.

ಅದರ ಒಂದು ಪ್ರಿಂಟ್ ತೆಗೆದು ಮನೆಗೆ ಒಯ್ದಿದ್ದೆ. ನನ್ನ ಅಪ್ಪ ಬೋರ್ಡ್ ಬರೆಯುತ್ತಿದ್ದವರು ಎಂಬುದು ಇಲ್ಲಿರುವ ಹಿರಿಯರಿಗೆ ಗೊತ್ತು. ಈ ಶಾಲೆಯ ಹೆಸರಿನ ಬೋರ್ಡು, ನಮ್ಮ ಕಾಲದ ಬಸ್ ಸ್ಟ್ಯಾಂಡಿನ ಅರ್ಧ ಅಂಗಡಿಗಳ ಬೋರ್ಡು ಅವರದೇ ಕೈ. ಅಪ್ಪ ಕನ್ನಡಕ ಹಾಕಿಕೊಂಡರು. ಮರ, ಬಿಸಿಲು, ಹುಡುಗಿಯರು ಯಾವುದನ್ನೂ ನೋಡಲಿಲ್ಲ. ನೇರವಾಗಿ ಗೇಟಿನ ಮೇಲಿನ ಅಕ್ಷರಕ್ಕೆ ಹೋದರು. ದೂರದಿಂದ ಅದು ಕನ್ನಡದ ಹಾಗೇ ಕಾಣುತ್ತಿತ್ತು. ತಲೆಕಟ್ಟು ಇದ್ದವು, ಒತ್ತಿನಂಥ ಸುರುಳಿಗಳಿದ್ದವು. ಪೆನ್ಸಿಲ್ ಕೇಳಿ ತೆಗೆದುಕೊಂಡರು. 'ಪ್ರೌ' ಇರಬೇಕಾದ ಕಡೆ ಏನೋ ತಿದ್ದಲು ಹೋದರು. ಮುಂದಿನದಕ್ಕೆ ಹೋದರು. ಐದು ನಿಮಿಷ ಆದ ಮೇಲೆ ಪೆನ್ಸಿಲ್ ಕೆಳಗಿಟ್ಟು, "ತಿದ್ದೋಕೆ ಆಗಲ್ಲ ಮಗ. ತಪ್ಪಾಗಿದ್ರೆ ತಿದ್ದಬೋದು. ಇಲ್ಲಿ ಅಕ್ಷರಾನೇ ಇಲ್ಲ" ಅಂದರು.

ನಮ್ಮ ಕ್ಷೇತ್ರದಲ್ಲಿ ಇದನ್ನು ವಿವರಿಸಲು ನಾವು ಇಡೀ ಪ್ರಬಂಧ ಬರೆಯುತ್ತೇವೆ.

ಆದರೆ ಮಕ್ಕಳೇ, ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ಗಿಟ್ಟಿಸಿಕೊಂಡರೆ ನಾನು ನಿಮಗೆ ಸುಳ್ಳು ಹೇಳಿದ ಹಾಗಾಗುತ್ತದೆ. ಯಂತ್ರ ತಪ್ಪು ಮಾಡುತ್ತದೆ, ನಮಗೇನೂ ಭಯವಿಲ್ಲ ಎಂಬ ಸಮಾಧಾನ ಬಹಳ ದಿನ ಬಾಳುವುದಲ್ಲ. ಮೊದಮೊದಲು ಅದು ಬರೆದ ಕೈಗೆ ಆರು ಬೆರಳು ಇರುತ್ತಿದ್ದವು, ಈಗ ಐದೇ ಇರುತ್ತವೆ. ಕನ್ನಡ ಅಕ್ಷರವೂ ಸರಿಹೋಗುತ್ತದೆ. ಈ ಸಂಚಿಕೆ ಅಚ್ಚಾಗಿ ನಿಮ್ಮ ಕೈಗೆ ಬರುವಷ್ಟರಲ್ಲೇ ಸರಿಹೋಗಿದ್ದರೂ ಆಶ್ಚರ್ಯವಿಲ್ಲ. ನಗು ಬರಿಸುವ ತಪ್ಪು ಒಳ್ಳೆಯದು, ಕಣ್ಣಿಗೆ ಬೀಳುತ್ತದೆ. ಅಡಿಕೆಯಲ್ಲಿ ಆದಂಥದ್ದು ಬೀಳುವುದಿಲ್ಲ. ನನಗೆ ಹೆದರಿಕೆ ಇರುವುದು ಅದರದ್ದು.

ಇನ್ನೊಂದು ಮಾತನ್ನೂ ಹೇಳಬೇಕು. ನಾನು ಪಿಯುಸಿ ಓದುವಾಗ ನಮ್ಮೂರಿಗೆ ಫ್ಲೆಕ್ಸ್ ಬಂತು. ಅಪ್ಪ ಎರಡು ದಿನ ಕೂತು ಬರೆಯುತ್ತಿದ್ದ ಬೋರ್ಡು ಒಂದು ಗಂಟೆಯಲ್ಲಿ ಆಗತೊಡಗಿತು. ಮೊದಲ ವರ್ಷ ಗಣೇಶನ ಹಬ್ಬದ ಬ್ಯಾನರ್ ಹೋಯಿತು, ಮರುವರ್ಷ ಅಂಗಡಿಗಳು ಹೋದವು. ಅಪ್ಪ ಅಕ್ಷರದ ಕುಂಚಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಪೇಪರಿನಲ್ಲಿ ಸುತ್ತಿ, ಅಟ್ಟಕ್ಕೆ ಹಾಕಿದರು. ಗೋಡೆಗೆ ಬಣ್ಣ ಹೊಡೆಯುವ ಕೂಲಿಗೆ ಹೋದರು. ನನ್ನ ಬಿ.ಇ. ಫೀಸು ಕಟ್ಟಿದ್ದು ಆ ದುಡ್ಡಿನಲ್ಲಿ. ಓದಿ ನಾನು ಸೇರಿಕೊಂಡಿದ್ದು ಫ್ಲೆಕ್ಸಿನ ಕಡೆಗೇ. ಅಪ್ಪ ಇದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ. ನಾನೇ ಒಮ್ಮೆ ಕೇಳಿದೆ. "ಫ್ಲೆಕ್ಸ್ ಅಂಗಡಿ ಹುಡುಗನೂ ಯಾರದೋ ಮಗನೇ ಅಲ್ವೇನೋ" ಅಂದು ಎದ್ದು ಹೋದರು. ಅದನ್ನು ಸಮಾಧಾನ ಅಂದುಕೊಳ್ಳಬೇಕೋ ಬೇಡವೋ ನನಗೆ ಇವತ್ತಿಗೂ ತಿಳಿದಿಲ್ಲ.

ಆ ಚಿತ್ರವನ್ನು ಆಹ್ವಾನ ಪತ್ರಿಕೆಗೆ ಹಾಕಲಿಲ್ಲ. ನಿಮ್ಮ ಕೈಯಲ್ಲಿರುವುದು ಶಾಲೆಯ ಹಳೆಯ ಫೋಟೋ, ಸ್ವಲ್ಪ ಮಸುಕಾಗಿದೆ, ಆದರೆ ಹೊಂಗೆ ಮರ ನಮ್ಮದೇ.

ಕಂಪ್ಯೂಟರ್ ಕೋಣೆಗೆ ನಮ್ಮ ತಂಡದವರು ಕೊಟ್ಟಿರುವ ಎರಡು ಲ್ಯಾಪ್‌ಟಾಪುಗಳಿವೆ. ಕೀಲಿಂಗ್ ಶಾಲೆಯ ಮಕ್ಕಳ ಹಾಗೆ ಪಟ್ಟಿ ಮಾಡಲು ಶುರು ಮಾಡಿ. ಐಸ್‌ಕ್ರೀಮು ಬೇಡ. ನಿಮ್ಮ ನಿಮ್ಮ ಮನೆಯ ಹಸುಗಳ ಹೆಸರು, ಹೊಲಗಳ ಹೆಸರು, ಅಜ್ಜಿಯರು ಬಯ್ಯುವ ಬೈಗುಳ, ಎಲ್ಲ ಬರೆದುಕೊಂಡು ಬನ್ನಿ. ದಸರಾ ರಜೆಯಲ್ಲಿ ನಾನು ಬರುತ್ತೇನೆ, ಯಂತ್ರಕ್ಕೆ ತಿನ್ನಿಸಿ ನೋಡೋಣ. ಬೈಗುಳದ ಪಟ್ಟಿಯನ್ನು ಮೇಷ್ಟ್ರಿಗೆ ತೋರಿಸಬೇಕಾಗಿಲ್ಲ.

ಕೊನೆಯದಾಗಿ ಒಂದು ಪ್ರಕಟಣೆ. ಗೇಟಿನ ಬೋರ್ಡು ಸಮಾರಂಭದ ಮುಂಚೆಯೇ ಆಗಬೇಕಿತ್ತು, ಮಳೆ ಬಿಡಲಿಲ್ಲ, ಎನಾಮೆಲ್ ಒಣಗುವುದಿಲ್ಲ. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಅಪ್ಪ ಬಂದು ಬರೆಯುತ್ತಾರೆ. 'ಪ್ರೌಢ'ದ ಢಕಾರದ ಸೀಳು ಅಳಿಸಿಹೋಗಿ ಹತ್ತು ವರ್ಷದಿಂದ ನಾವೆಲ್ಲ 'ಪ್ರೌಡ'ಶಾಲೆಯವರಾಗಿದ್ದೇವೆ. ಸೀಮೆಸುಣ್ಣದ ಪುಡಿ ಹಚ್ಚಿದ ದಾರ ಎಳೆದು ಗೆರೆ ಹೊಡೆಯಲು ಆ ತುದಿಗೊಬ್ಬರು, ಈ ತುದಿಗೊಬ್ಬರು ಬೇಕು. ಏಣಿ ಹಿಡಿಯಲು ಇನ್ನಿಬ್ಬರು. ಸಮವಸ್ತ್ರದಲ್ಲಿ ಬರಬೇಡಿ, ಆ ಬಣ್ಣ ಹೋಗುವುದಿಲ್ಲ.